ಬಾಲ್ಡುರನನ ಬಾಗಿಲು: ಒಂದು ಕಲ್ಪಿತ ರೇವುಪಟ್ಟಣದ ಸ್ಥಳಪುರಾಣ

ಊರು ಹುಟ್ಟಿದ ಬಗೆಯನ್ನು ಹೇಳುವ ಕಥೆಗೆ ನಮ್ಮಲ್ಲಿ ಸ್ಥಳಪುರಾಣವೆಂದು ಹೆಸರು. ಊರು ನಿಜವಾದುದಾದರೆ ಅದರ ಪುರಾಣವನ್ನು ಶಾಸನ, ಕೋಟೆ, ಕಡತಗಳ ಬೆಳಕಿನಲ್ಲಿ ಪರೀಕ್ಷಿಸಬಹುದು. ಊರೇ ಕಲ್ಪಿತವಾದರೆ ಒರೆಗಲ್ಲು ಯಾವುದು? ಬಾಲ್ಡುರ್ಸ್ ಗೇಟ್ ಎಂಬ ರೇವುಪಟ್ಟಣದ ಮೂಲಪುರುಷನ ವಿಷಯವಾಗಿ 2023ರಿಂದೀಚೆಗೆ ನಡೆದಿರುವ ವಾದವು ಈ ಪ್ರಶ್ನೆಯನ್ನು ಎತ್ತಿದೆ. ಪೂರ್ವಕಥೆಯನ್ನು ಮಾರ್ಪಡಿಸುವ ಅಧಿಕಾರ ಯಾರಿಗೆ, ಎಷ್ಟರ ಮಟ್ಟಿಗೆ ಉಂಟೆಂಬ ಹಳೆಯ ಕಾವ್ಯವಿಚಾರವೇ ಅಲ್ಲಿ ಹೊಸ ವೇಷದಿಂದ ಬಂದು ನಿಂತಿದೆ.

ವಾಚಕರಿಗೆ ಹಿನ್ನೆಲೆಯನ್ನು ಸ್ವಲ್ಪದರಲ್ಲಿ ತಿಳಿಸುವುದು ಅವಶ್ಯ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ರಚಿಸಿದ 'ಡಂಜನ್ಸ್ ಅಂಡ್ ಡ್ರಾಗನ್ಸ್' ಎಂಬ ಆಟವು 1974ರಲ್ಲಿ ಪ್ರಕಟವಾಯಿತು. ಇದರಲ್ಲಿ ಒಬ್ಬನು ಸೂತ್ರಧಾರನಾಗಿ ಲೋಕವನ್ನು ವರ್ಣಿಸುತ್ತಾನೆ. ಮಿಕ್ಕವರು ಒಂದೊಂದು ಪಾತ್ರವನ್ನು ವಹಿಸಿ ಅದರ ನಡೆನುಡಿಗಳನ್ನು ತಾವೇ ನಿರ್ಧರಿಸುತ್ತಾರೆ. ಫಲವು ಸಂದಿಗ್ಧವಾದಲ್ಲಿ ದಾಳವು ತೀರ್ಪು ಕೊಡುತ್ತದೆ. ಕೆನಡಾದ ಎಡ್ ಗ್ರೀನ್‌ವುಡ್ ಬಾಲ್ಯದಿಂದ ಕಲ್ಪಿಸುತ್ತ ಬಂದ 'ಫರ್ಗಾಟನ್ ರೆಲ್ಮ್ಸ್' ಎಂಬ ಲೋಕವು 1987ರಲ್ಲಿ ಈ ಆಟದ ರಂಗಸ್ಥಳವಾಗಿ ಅಚ್ಚಾಯಿತು. ಆ ಲೋಕದಲ್ಲಿ, ಚಿಯಾಂಥರ್ ನದಿಯ ದಡದಲ್ಲಿ, ನಮ್ಮ ಈ ಪಟ್ಟಣವಿದೆ. 1998ರಲ್ಲಿ ಅದರ ಹೆಸರನ್ನೇ ಹೊತ್ತ ಗಣಕಯಂತ್ರದ ಆಟವೊಂದು ಬಂದು ಅದನ್ನು ಲೋಕಪ್ರಸಿದ್ಧಗೊಳಿಸಿತು.

ಹಳೆಯ ಕಥೆ ಹೀಗಿದೆ. ಬಾಲ್ಡುರನ್ ಎಂಬ ನಾವಿಕನು ಆಂಕರೋಮೆ ಎಂಬ ದೂರದೇಶದಿಂದ ಅಪಾರ ಧನವನ್ನು ತಂದು, ತನ್ನ ಊರಿಗೆ ಕೋಟೆ ಕಟ್ಟಿಸಲು ಅದನ್ನು ಕೊಟ್ಟು, ಮತ್ತೆ ಹಡಗೇರಿದವನು ಹಿಂದಿರುಗಲಿಲ್ಲ. ಕೋಟೆಯೇನೋ ಎದ್ದಿತು, ಆದರೆ ಅದು ರೇವನ್ನು ಬಳಸದೆ ಮೇಲಿನ ದಿಬ್ಬವನ್ನು ಮಾತ್ರ ಬಳಸಿತು. ಒಳಗಿದ್ದ ರೈತರು ರೇವಿನಿಂದ ಬಂದ ಸರಕಿಗೆಲ್ಲ ಬಾಲ್ಡುರನನ ಬಾಗಿಲಲ್ಲಿ ಸುಂಕ ಹೇರಿದರು. ಕೋಟೆಗೆ ಹಣ ಕೊಟ್ಟವನು ಕಡಲವನು, ಸುಂಕ ತೆರುವವರೂ ಕಡಲವರೇ ಎಂದು ಕೆರಳಿದ ಹಡಗಿನ ನಾಯಕರು ದಂಗೆಯೆದ್ದು ಊರನ್ನು ಗೆದ್ದರು. ಅವರಲ್ಲಿ ಹಿರಿಯರಾದ ನಾಲ್ವರು ಆಳತೊಡಗಿದರು. ವಿನೋದಕ್ಕಾಗಿ ಇಟ್ಟುಕೊಂಡ 'ಡ್ಯೂಕ್' ಎಂಬ ಬಿರುದೇ ಮುಂದೆ ಸ್ಥಿರವಾಯಿತು. ಊರಿಗೆ ಹೆಸರು ಬಂದದ್ದು ಹೀಗೆ ಒಂದು ಸುಂಕದ ಬಾಗಿಲಿನಿಂದ!

1999ರಲ್ಲಿ ಬಂದ ಮೊದಲ ಆಟದ ಅನುಬಂಧದಲ್ಲಿ ಬಾಲ್ಡುರನನ ಹಡಗು ಒಂದು ದ್ವೀಪದಲ್ಲಿ ಒಡೆದು ಬಿದ್ದುದು ಕಾಣುತ್ತದೆ. ಅವನ ಗತಿ ಮಾತ್ರ ತಿಳಿಯದು. 2023ರಲ್ಲಿ ಬೆಲ್ಜಿಯಂ ದೇಶದ ಲೇರಿಯನ್ ಸಂಸ್ಥೆಯು ಹೊರತಂದ ಮೂರನೆಯ ಆಟವು ಆ ಗತಿಯನ್ನು ಹೇಳಿಬಿಟ್ಟಿತು. ಬಾಲ್ಡುರನನು ನಿಧಿಯನ್ನರಸಿ ಮೂನ್‌ರೈಸ್ ಎಂಬ ಗೋಪುರಕ್ಕೆ ಹೋಗಿ, ಅಲ್ಲಿ ಸೆರೆಸಿಕ್ಕು, ಪರರ ಮಿದುಳನ್ನುಂಡು ಬದುಕುವ 'ಮೈಂಡ್ ಫ್ಲೇಯರ್' ಎಂಬ ಜೀವಿಯಾಗಿ ಮಾರ್ಪಟ್ಟನು. ಗೆಳೆಯನಾದ ಅನ್ಸುರ್ ಎಂಬ ಡ್ರಾಗನ್ ಅವನನ್ನು ಮೊದಲಿನಂತೆ ಮಾಡಲಾರದೆ ಕೊನೆಗೆ ಕೊಲ್ಲಹೋಗಿ ತಾನೇ ಹತವಾಯಿತು.

ಇದರ ಮೇಲೆ ಬಂದ ಆಕ್ಷೇಪಗಳು ಮುಖ್ಯವಾಗಿ ಮೂರು. ಇದು ಪೂರ್ವಕಥೆಗೆ ವಿರುದ್ಧವೆಂಬುದು ಒಂದು. ಈ ವಾದ ನಿಲ್ಲದು. ಹಳೆಯ ಕಥೆ ಅವನ ಅಂತ್ಯವನ್ನು ಹೇಳದೆ ಬಿಟ್ಟಿತ್ತು. ಹೇಳದುದನ್ನು ಹೇಳಿದರೆ ವಿರೋಧವಾಗದು. ಕಡಲಿಗಿಳಿದವನು ಒಳನಾಡಿನ ಗೋಪುರವನ್ನು ಸೇರಿದ ಬಗೆಯನ್ನು ಓದುಗನೇ ಹೊಂದಿಸಿಕೊಳ್ಳಬೇಕಾದೀತು, ಅಷ್ಟೆ. ಹೇಳುವವನು ವಂಚಕನಾದುದರಿಂದ ಅವನ ಮಾತು ಪ್ರಮಾಣವಲ್ಲವೆಂಬುದು ಎರಡನೆಯದು. ಜಾಣತನದ ವಾದವೇ, ಆದರೆ ಅನ್ಸುರನ ಪ್ರೇತವೇ ಎದ್ದು ಅವನನ್ನು ಗುರುತಿಸುವುದರಿಂದ ಸ್ವತಂತ್ರ ಸಾಕ್ಷ್ಯ ದೊರೆತಂತಾಯಿತು.

ಮೂರನೆಯದು ಔಚಿತ್ಯದ ಆಕ್ಷೇಪ. ತೂಕವಿರುವುದು ಇದಕ್ಕೇ. ಪೂರ್ವಕಥೆಯನ್ನು ಬದಲಿಸುವುದೇ ತಪ್ಪೆಂದರೆ, ದ್ರೌಪದಿಯನ್ನು ಅರ್ಜುನನೊಬ್ಬನಿಗೇ ವಿವಾಹ ಮಾಡಿದ ಪಂಪನನ್ನೂ ನಾವು ಬಿಡಬೇಕಾಗುತ್ತದೆ. ಬದಲಾವಣೆಯಿಂದ ಕಥೆಯ ಜೀವಾಳಕ್ಕೆ ಪುಷ್ಟಿ ಬಂದಿತೇ ಎಂಬುದೇ ನೋಡತಕ್ಕ ವಿಷಯ. ಊರಿಗೆ ವಿಪತ್ತು ಬಂದಾಗ ನೆಲದಡಿಯ ಡ್ರಾಗನ್ ಎದ್ದು ಕಾಯುವುದೆಂದು ಜನ ನಂಬಿರುವರು. ಎದ್ದ ಡ್ರಾಗನ್ನಾದರೋ ನೆರವು ಬೇಡಲು ಬಂದವರ ಮೇಲೆಯೇ ಎರಗುವುದು. ಇಲ್ಲಿ ಕರುಣವೂ ಭಯಾನಕವೂ ಒಂದಾಗಿ ಬೆರೆತಿವೆ, ಇದನ್ನು ಮೆಚ್ಚದಿರಲಾಗದು. ಆದರೆ ಊರಿನ ಜೀವಾಳವು ಬಾಲ್ಡುರನನಲ್ಲಿಲ್ಲ, ಬಾಗಿಲಿನಲ್ಲಿದೆ. 2013ರಲ್ಲಿ ಪ್ರಕಟವಾದ ಪಟ್ಟಣವರ್ಣನೆಯಂತೆ, ಮೇಲಣ ಊರಿಗೂ ಕೆಳಗಣ ಊರಿಗೂ ನಡುವೆ ಸಾಮಾನ್ಯರಿಗೆ ತೆರೆದಿರುವುದು ಆ ಒಂದೇ ಬಾಗಿಲು. ಮಿಕ್ಕವು ಶ್ರೀಮಂತರಿಗೂ ಅವರ ಪರಿವಾರಕ್ಕೂ ಮೀಸಲು. ಸುಂಕದ ಅನ್ಯಾಯಕ್ಕೆ ದಂಗೆಯೆದ್ದವರ ಊರಿನಲ್ಲಿ ಅದೇ ಬಾಗಿಲು ಬಡವನನ್ನು ತಡೆಯುವ ಬಾಗಿಲಾಯಿತು. ಇದಕ್ಕಿಂತ ಮಿಗಿಲಾದ ವಿಪರ್ಯಾಸವನ್ನು ಯಾವ ಮಾಯಾಜೀವಿಯೂ ತರಲಾರದು. ಹೊಸ ಆಟದ ಕೊರತೆ ಅದು ಹೇಳಿದುದರಲ್ಲಿಲ್ಲ. ಮೂಲಪುರುಷನನ್ನು ಬೆಳಗಿಸುವ ಭರದಲ್ಲಿ ಬಾಗಿಲನ್ನು ಮಬ್ಬಾಗಿಸಿದುದರಲ್ಲಿದೆ.

ಇನ್ನು ಅಧಿಕಾರದ ಮಾತು. ಈ ಆಟದ ಕರ್ತೃವರ್ಗವು 2021ರಲ್ಲಿಯೇ, ಆಗಿನ ಐದನೆಯ ಆವೃತ್ತಿಗೆ ಆ ಆವೃತ್ತಿಯ ಆಟದ ಪುಸ್ತಕಗಳು ಮಾತ್ರ ಪ್ರಮಾಣ, ಕಾದಂಬರಿಗಳೂ ಗಣಕದ ಆಟಗಳೂ ಅಲ್ಲ ಎಂದು ಸಾರಿತ್ತು. ಹೀಗಿರಲು, ಬಾಲ್ಡುರನನ ಗತಿಯು ಇಂಥದೇ ಎಂದು ಯಾವ ಸೂತ್ರಧಾರನೂ ಒಪ್ಪಬೇಕಾಗಿಲ್ಲ. ನಾಲ್ಕು ಜನ ಕುಳಿತು ಆಡುವ ಕಥೆಯಲ್ಲಿ ಹೇಳದೆ ಬಿಟ್ಟ ಭಾಗವೇ ಆಡುವವರ ಸ್ವತ್ತು. ಕವಿ ಅದನ್ನು ತುಂಬಿದಷ್ಟೂ ಅವರ ಪಾಲು ಕಡಿಮೆಯಾಗುತ್ತದೆ. ಆದುದರಿಂದ ವಾದಿಗಳಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ನಾವಿಕನು ಏನಾದನೆಂಬ ಚರ್ಚೆಯನ್ನು ಸ್ವಲ್ಪ ಹಿಂದಿಟ್ಟು, ಆ ಬಾಗಿಲಲ್ಲಿ ಇಂದು ಸುಂಕ ತೆರುವವರು ಯಾರು, ಎತ್ತುವವರು ಯಾರು ಎಂಬುದನ್ನು ಕೇಳತೊಡಗಲಿ. ಆ ಪಟ್ಟಣದಲ್ಲಿ ಆಡದೆ ಉಳಿದಿರುವ ಒಳ್ಳೆಯ ಕಥೆ ಅದೇ.