ಆದಾಮನ ಚಾರಿತ್ರಿಕತೆ: ಒಂದು ಪಠ್ಯವಿಮರ್ಶೆ

ಕ್ರೈಸ್ತ ಶ್ರದ್ಧೆಗೂ ಜೀವವಿಕಾಸವಾದಕ್ಕೂ ನಡೆದಿರುವ ವಾಗ್ವಾದವನ್ನು ಆರು ದಿನಗಳ ಸೃಷ್ಟಿಯ ಪ್ರಶ್ನೆಯೆಂದು ಗ್ರಹಿಸುವುದು ರೂಢಿ. ಈ ಗ್ರಹಿಕೆ ಸರಿಯಲ್ಲವೆಂದು ನಮಗೆ ತೋರುತ್ತದೆ. ದಿನಗಳ ತೊಡಕನ್ನು ಸಂತ ಅಗಸ್ಟೀನನು ಐದನೆಯ ಶತಮಾನದ ಆರಂಭದಲ್ಲಿಯೇ ಬಹುಮಟ್ಟಿಗೆ ಬಿಡಿಸಿದ್ದನು. ಆದಿಕಾಂಡವನ್ನು ಕುರಿತ ತನ್ನ ದೊಡ್ಡ ವ್ಯಾಖ್ಯಾನದಲ್ಲಿ ಆತನು ಅವುಗಳನ್ನು ಸೂರ್ಯನ ಉದಯಾಸ್ತಗಳಿಂದ ಅಳೆಯುವ ದಿನಗಳೆಂದು ಭಾವಿಸಲಿಲ್ಲ. ನಿಸರ್ಗದ ವಿಷಯದಲ್ಲಿ ಅಜ್ಞಾನದ ಮಾತನಾಡಿ ಅದಕ್ಕೆ ಧರ್ಮಗ್ರಂಥದ ಆಧಾರ ಕೊಡುವವರಿಂದ ಗ್ರಂಥವೇ ನಗೆಪಾಟಲಾಗುತ್ತದೆಂದು ಎಚ್ಚರಿಸಿದವನೂ ಆತನೇ. ಬಿಡಿಸಲಾಗದೆ ಉಳಿದ ಗಂಟು ಬೇರೆ: ಮಾನವಕುಲವೆಲ್ಲ ಒಂದೇ ದಂಪತಿಯಿಂದ ಬಂದಿತೆ? ವಿಪರ್ಯಾಸವೆಂದರೆ ಈ ಗಂಟನ್ನು ಬಿಗಿದವನೂ ಅಗಸ್ಟೀನನೇ.

ಪೋಪ್ ಹನ್ನೆರಡನೆಯ ಪಯಸ್ 1950ರಲ್ಲಿ ಹೊರಡಿಸಿದ 'ಹ್ಯೂಮಾನಿ ಜೆನೆರಿಸ್' ಎಂಬ ಪತ್ರವು ಮಾನವದೇಹದ ವಿಕಾಸವನ್ನು ಕುರಿತ ಸಂಶೋಧನೆಗೆ ಅಡ್ಡಿ ಹೇಳಲಿಲ್ಲ. ಆದರೆ ಮೂಲ ಪುರುಷರು ಅನೇಕರೆಂಬ ವಾದವು ಮೂಲಪಾಪದ ಸಿದ್ಧಾಂತದೊಡನೆ ಹೇಗೆ ಹೊಂದೀತೆಂಬುದು ಕಾಣದೆಂದು ಅದನ್ನು ತಡೆಯಿತು. 1996ರಲ್ಲಿ ಎರಡನೆಯ ಜಾನ್ ಪಾಲ್ ವಿಕಾಸವಾದವು ಕೇವಲ ಊಹೆಗಿಂತ ಹೆಚ್ಚಿನದೆಂದು ಒಪ್ಪಿದಾಗಲೂ ಈ ಬಹುಮೂಲದ ಪ್ರಸ್ತಾಪವನ್ನೇ ಮಾಡಲಿಲ್ಲ. ಆ ಮೌನ ಅರ್ಥಪೂರ್ಣವಾದುದು.

ನಾವು ದೇವತಾಶಾಸ್ತ್ರಜ್ಞರಲ್ಲ. ಹಳೆಯ ಪಠ್ಯಗಳನ್ನು ಓದುವವರಾಗಿ ಮಾತ್ರ ಇಲ್ಲಿ ಪ್ರವೇಶಿಸುತ್ತೇವೆ. ಏಕೆಂದರೆ ಈ ಗಂಟಿನ ಎರಡು ಎಳೆಗಳೂ ಭಾಷೆಗೆ ಸೇರಿದವು.

ಮೊದಲನೆಯದು ಹೆಸರಿನದು. ಹೀಬ್ರೂವಿನಲ್ಲಿ 'ಆದಾಮ್' ಎಂದರೆ ಮನುಷ್ಯ. 'ಆದಾಮಾ' ಎಂದರೆ ಮಣ್ಣು. ಆದಿಕಾಂಡದ ಎರಡನೆಯ ಮೂರನೆಯ ಅಧ್ಯಾಯಗಳಲ್ಲಿ ಈ ಪದ ಬಹುಮಟ್ಟಿಗೆ ನಿರ್ದೇಶಕ ಉಪಪದದೊಡನೆ, ಅಂದರೆ 'ಆ ಮನುಷ್ಯ' ಎಂಬರ್ಥದಲ್ಲಿ ಬರುತ್ತದೆ. ವ್ಯಕ್ತಿನಾಮಕ್ಕೆ ಹೀಬ್ರೂವಿನಲ್ಲಿ ಉಪಪದ ಹತ್ತುವುದಿಲ್ಲ. ಜಾತಿವಾಚಕವು ಎಲ್ಲಿ ಅಂಕಿತನಾಮವಾಗುತ್ತದೆಂಬುದನ್ನು ಅನುವಾದಕನೇ ತೀರ್ಮಾನಿಸಬೇಕು. 1611ರ ಇಂಗ್ಲಿಷ್ ಅನುವಾದ ಎರಡನೆಯ ಅಧ್ಯಾಯದಲ್ಲಿಯೇ ಹೆಸರಿಟ್ಟಿತು. 1989ರ ಪರಿಷ್ಕೃತ ಅನುವಾದ ನಾಲ್ಕನೆಯ ಅಧ್ಯಾಯದ ಕೊನೆಯವರೆಗೆ ಕಾಯಿತು. ಕನ್ನಡಕ್ಕೆ ತರುವವನ ಕಷ್ಟ ಇನ್ನೂ ಸ್ವಾರಸ್ಯಕರ. ನಮ್ಮಲ್ಲಿ ಉಪಪದವೇ ಇಲ್ಲ. 'ಮಣ್ಣು', 'ಮನುಷ್ಯ' ಎಂಬ ಪದಗಳು ಕಿವಿಗೆ ಸಮೀಪವೆನಿಸಿದರೂ ಅವುಗಳ ಮೂಲ ಬೇರೆ ಬೇರೆ. ಅದಕ್ಕಿಂತ ಮಿಗಿಲಾಗಿ 'ಮನುಷ್ಯ', 'ಮಾನವ' ಎಂಬ ಪದಗಳ ಒಡಲಲ್ಲಿಯೇ ಮನುವೆಂಬ ಇನ್ನೊಬ್ಬ ಆದಿಪುರುಷ ಕುಳಿತಿದ್ದಾನೆ. ಆದಾಮನನ್ನು ಮನುಷ್ಯನೆಂದು ಅನುವಾದಿಸಿದೊಡನೆ ಆತನು ಮನುವಿನ ವಂಶಕ್ಕೆ ಸೇರಿಹೋಗುತ್ತಾನೆ! ಇದನ್ನು ಯಾರೂ ಆಕ್ಷೇಪಿಸಿದಂತಿಲ್ಲ, ಆಕ್ಷೇಪಿಸಬೇಕಾಗಿಯೂ ಇಲ್ಲ.

ಎರಡನೆಯ ಎಳೆ ರೋಮಾಪುರದವರಿಗೆ ಪೌಲನು ಬರೆದ ಪತ್ರದ ಐದನೆಯ ಅಧ್ಯಾಯದ್ದು. ಎಲ್ಲರೂ ಪಾಪ ಮಾಡಿದ ಕಾರಣ ಮರಣವು ಎಲ್ಲರಿಗೂ ವ್ಯಾಪಿಸಿತೆಂಬುದು ಅಲ್ಲಿಯ ಗ್ರೀಕ್ ವಾಕ್ಯದ ಸಹಜ ಅರ್ಥ. ಲ್ಯಾಟಿನ್ ಅನುವಾದವು 'ಕಾರಣ' ಎಂಬ ಅರ್ಥದ ಗ್ರೀಕ್ ಪದಗಳನ್ನು 'ಇನ್ ಕ್ವೋ' ಎಂದಿತು. 'ಯಾರಲ್ಲಿ' ಎಂದು ಅದನ್ನು ಓದಿದ ಅಗಸ್ಟೀನನು ಆದಾಮನಲ್ಲಿಯೇ ಎಲ್ಲರೂ ಪಾಪಮಾಡಿದರೆಂದು ಸಾಧಿಸಿದನು. ಗ್ರೀಕನ್ನೇ ಓದುತ್ತಿದ್ದ ಪೌರ್ವಾತ್ಯ ಸಭೆಗಳು ಮರಣವು ಪರಂಪರೆಯಿಂದ ಬಂದಿತೆಂದವೇ ಹೊರತು ಅಪರಾಧವು ಬಂದಿತೆನ್ನಲಿಲ್ಲ. ಹದಿನಾರನೆಯ ಶತಮಾನದಲ್ಲಿ ಎರಾಸ್ಮಸ್ ಈ ಓದಿನ ದೌರ್ಬಲ್ಯವನ್ನು ತೋರಿಸಿದರೂ 1546ರ ಟ್ರೆಂಟ್ ಪರಿಷತ್ತು ಲ್ಯಾಟಿನ್ ಪಾಠವನ್ನೇ ಆಶ್ರಯಿಸಿತು. ಒಂದು ಸಂಬಂಧಾರ್ಥಕ ಪದದ ಮೇಲೆ ಇಷ್ಟು ಭಾರ ಬಿದ್ದ ನಿದರ್ಶನವನ್ನು ನಾವು ಬೇರೆಲ್ಲೂ ಕಂಡಿಲ್ಲ.

ಇನ್ನು ವಿಜ್ಞಾನದ ಮಾತು. ವಾನರಗಳಲ್ಲಿ 24 ಜೊತೆ ವರ್ಣತಂತುಗಳು, ನಮ್ಮಲ್ಲಿ 23. ನಮ್ಮ ಎರಡನೆಯ ವರ್ಣತಂತುವಿನಲ್ಲಿ ಹಳೆಯ ಎರಡು ತಂತುಗಳು ಕೂಡಿದ ಬೆಸುಗೆಯ ಗುರುತು ಇಂದಿಗೂ ಇದೆ. ಮನುಷ್ಯರಲ್ಲಿರುವ ತಳಿವೈವಿಧ್ಯವನ್ನು ಗಣಿಸಿದರೆ ನಮ್ಮ ಪೂರ್ವಜರ ಸಂಖ್ಯೆ ಕಳೆದ ಸುಮಾರು ಐದು ಲಕ್ಷ ವರ್ಷಗಳಲ್ಲಿ ಇಬ್ಬರಿಗೆ ಇಳಿದಿರಲಾರದು. ಅದು ಸಾವಿರಗಳ ಲೆಕ್ಕದಲ್ಲಿಯೇ ಇದ್ದಿತು. 1987ರಲ್ಲಿ ಪ್ರಕಟವಾದ 'ಮೈಟೊಕಾಂಡ್ರಿಯದ ಈವ್' ಆ ಕಾಲದ ಏಕೈಕ ಸ್ತ್ರೀಯಲ್ಲ. ತಾಯಿಯ ಕಡೆಯ ಎಳೆ ಮಾತ್ರ ಆಕೆಯಲ್ಲಿ ಕೂಡುತ್ತದೆ.

ಹೀಗಿರಲಾಗಿ ಸಮನ್ವಯ ಹೇಗೆ? ಈಚಿನ ಮೂರು ಕೃತಿಗಳು ಮೂರು ದಾರಿ ಹಿಡಿದಿವೆ.

ವಿಲಿಯಂ ಲೇನ್ ಕ್ರೇಗ್ 2021ರ ತಮ್ಮ ಗ್ರಂಥದಲ್ಲಿ ಆದಿಕಾಂಡದ ಮೊದಲ ಹನ್ನೊಂದು ಅಧ್ಯಾಯಗಳನ್ನು 'ಪುರಾಣೇತಿಹಾಸ'ವೆಂದು ಕರೆಯುತ್ತಾರೆ. ಸುಮೇರಿಯನ್ ಕಥನಗಳಿಗಾಗಿ ಯಾಕಬ್ಸನ್ ರೂಪಿಸಿದ ವರ್ಗವಿದು, ಉಪಯುಕ್ತವಾದುದು. ಆದರೆ ಅಲ್ಲಿಂದ ಮುಂದೆ ಅವರು ಆದಾಮನನ್ನು ಏಳೂವರೆ ಲಕ್ಷ ವರ್ಷಗಳಿಗೂ ಹಿಂದಿನ ಹೈಡೆಲ್ಬರ್ಗ್ ಮಾನವನೆಂದು ನಿರ್ಧರಿಸುತ್ತಾರೆ. ಆತನ ಮಕ್ಕಳು ಬೇಸಾಯಗಾರ ಮತ್ತು ಕುರುಬ. ಮುಂದಿನ ತಲೆಗಳಲ್ಲಿ ಪಟ್ಟಣವೂ ಕಬ್ಬಿಣವೂ ಬರುತ್ತವೆ. ಇವೆಲ್ಲವೂ ಪುರಾಣ, ತಂದೆ ಮಾತ್ರ ಇತಿಹಾಸ! ಯಾವುದು ಉಳಿಯಬೇಕೆಂಬ ಪ್ರಮಾಣ ಪಠ್ಯದೊಳಗಿನದಲ್ಲ, ಪೌಲನ ಪತ್ರದಿಂದ ತಂದದ್ದು. ಶಾಸನ ಓದುವವರಿಗೆ ಈ ಕ್ರಮ ಅಪರಿಚಿತವಲ್ಲ. 1009ರ ಕೌಠೆಂ ತಾಮ್ರಪಟವು ಅಯೋಧ್ಯೆಯಲ್ಲಿ ಐವತ್ತೊಂಬತ್ತು ಮಂದಿ ಚಾಲುಕ್ಯರು ಆಳಿದರೆನ್ನುತ್ತದೆ. ಬಾದಾಮಿಯ ಶಾಸನಗಳಿಗೆ ಈ ಅಯೋಧ್ಯೆ ಗೊತ್ತಿಲ್ಲ. ಅದಕ್ಕಾಗಿ ನಾವು ಪಟವನ್ನು ಸುಳ್ಳೆಂದು ಎಸೆಯುವುದಿಲ್ಲ. ಐವತ್ತೊಂಬತ್ತರಲ್ಲಿ ಒಬ್ಬನನ್ನಾದರೂ ಅಯೋಧ್ಯೆಯ ಮಣ್ಣಿನಲ್ಲಿ ಹುಡುಕಲೂ ಹೋಗುವುದಿಲ್ಲ. ಕಲ್ಯಾಣದ ಅರಸರಿಗೆ ಆ ವಂಶಾವಳಿ ಏಕೆ ಬೇಕಾಯಿತೆಂದು ಕೇಳುತ್ತೇವೆ.

ಪೀಟರ್ ಎನ್ಸ್ 2012ರಲ್ಲಿ ಕೇಳಿದ್ದು ಈ ಬಗೆಯ ಪ್ರಶ್ನೆಯನ್ನೇ. ಬಾಬಿಲೋನಿನ ಸೆರೆಯ ಬಳಿಕ ಇಸ್ರೇಲಿನ ಜನ ತಮ್ಮ ಪತನವನ್ನು ಆದಾಮನ ಕಥೆಯಲ್ಲಿ ಕಂಡುಕೊಂಡರೆಂಬುದು ಅವರ ಮತ. ಪೌಲನು ತನ್ನ ಕಾಲದವರಂತೆ ಆದಾಮನನ್ನು ನಿಜವ್ಯಕ್ತಿಯೆಂದೇ ನಂಬಿದ್ದನೆಂದು ಅವರು ಮರೆಮಾಚದೆ ಒಪ್ಪುತ್ತಾರೆ. ಬೆಲೆ ದೊಡ್ಡದು; ಆದರೆ ಕೊಟ್ಟ ಬೆಲೆ ಕಣ್ಣಿಗೆ ಕಾಣುವಂತಿದೆ.

ನಮ್ಮನ್ನು ಹೆಚ್ಚು ಕಾಡಿದುದು ಜೋಶುವಾ ಸ್ವಾಮಿದಾಸ್ ಅವರ 2019ರ ಕೃತಿ. ವಂಶಾವಳಿ ಬೇರೆ, ತಳಿದ್ರವ್ಯ ಬೇರೆ ಎಂಬುದು ಅವರ ಮುಖ್ಯ ವಾದ. ಹತ್ತು ತಲೆ ಹಿಂದಕ್ಕೆ ಹೋದರೆ ನಮಗೆ 1,024 ಪೂರ್ವಜಸ್ಥಾನಗಳು. ಇನ್ನೂ ಹಿಂದೆ ಸರಿದಂತೆ ಅವರಲ್ಲಿ ಬಹುಮಂದಿಯ ತಳಿಯ ತುಣುಕೂ ನಮ್ಮಲ್ಲಿ ಉಳಿದಿರುವುದಿಲ್ಲ. ಆದುದರಿಂದ ಸುಮಾರು ಆರು ಸಾವಿರ ವರ್ಷಗಳ ಹಿಂದೆ ದೇವರು ನೇರವಾಗಿ ಸೃಜಿಸಿದ ದಂಪತಿಯೊಂದು ಇದ್ದು, ಅವರ ಸಂತಾನ ತೋಟದ ಹೊರಗೆ ವಿಕಾಸದಿಂದ ಬಂದಿದ್ದ ಜನರೊಡನೆ ಬೆರೆತಿದ್ದರೆ, ಕ್ರಿಸ್ತನ ಕಾಲಕ್ಕೆ ಭೂಮಿಯ ಮೇಲಿನ ಎಲ್ಲರೂ ಅವರ ವಂಶಜರಾಗಿರಬಹುದು. ಗಣಿತ ನಿರ್ದುಷ್ಟವಾಗಿದೆ. ಆದರೆ ಇದನ್ನು ಯಾವ ಸಾಕ್ಷ್ಯವೂ ಅಲ್ಲಗಳೆಯದಿರಲು ಕಾರಣ, ಇದು ಯಾವ ಸಾಕ್ಷ್ಯವನ್ನೂ ಬಯಸದಿರುವುದು. ಸೃಷ್ಟಿಯು ವಯಸ್ಸಾದಂತೆಯೇ ಸೃಷ್ಟಿಯಾಯಿತೆಂದು 1857ರಲ್ಲಿ ಬರೆದ ಫಿಲಿಪ್ ಗಾಸ್ ನೆನಪಾಗುತ್ತಾನೆ.

ಆ ಹೊರಗಿನವರ ವಿಷಯಕ್ಕೆ ಒಂದು ಚರಿತ್ರೆಯಿದೆ. ಆದಾಮನಿಗೆ ಮುಂಚೆಯೂ ಮನುಷ್ಯರಿದ್ದರೆಂದು 1655ರಲ್ಲಿ ಬರೆದ ಲ ಪೇರೆರ್ ಮರುವರ್ಷವೇ ಸೆರೆಯಾದನು. ಬಹುಮೂಲದ ವಿಚಾರವನ್ನು 1854ರಲ್ಲಿ ನಾಟ್ ಮತ್ತು ಗ್ಲಿಡನ್ ಜನಾಂಗಗಳ ಉಚ್ಚನೀಚಕ್ಕೆ ಆಧಾರ ಮಾಡಿಕೊಂಡರು. ನಾಟ್ ಗುಲಾಮಗಿರಿಯ ಪ್ರತಿಪಾದಕ. ಆಗ ಒಂದೇ ದಂಪತಿಯ ಕಥೆಯನ್ನು ನಂಬಿದವರೇ ಮನುಷ್ಯರೆಲ್ಲ ಒಂದೆಂದು ವಾದಿಸಿದ್ದರು. ಈ ಅಪಾಯವನ್ನು ಸ್ವಾಮಿದಾಸ್ ಬಲ್ಲರು. ಹೊರಗಿನವರಿಗೂ ಸಮಾನ ಘನತೆಯನ್ನು ಅವರು ಕೊಡುತ್ತಾರೆ. ಆದರೂ ಹಿಮಯುಗದ ಕೊನೆಯಲ್ಲಿ ಸಮುದ್ರವೇರಿ ಆಸ್ಟ್ರೇಲಿಯದಿಂದ ಬೇರೆಯಾದ ಟಾಸ್ಮೇನಿಯದ ಜನರೊಡನೆ ಯಾರೂ ಬೆರೆಯದಿದ್ದರೆ? ಸಂಪೂರ್ಣ ಪ್ರತ್ಯೇಕತೆಯನ್ನು ಸಾಬೀತುಮಾಡಲಾಗದು ಎಂಬ ಉತ್ತರ ತರ್ಕಕ್ಕೆ ಸಾಲುತ್ತದೆ. ಒಬ್ಬ ಮನುಷ್ಯ ಉದ್ಧಾರದ ಕಥೆಯೊಳಗೆ ಸೇರುವನೋ ಇಲ್ಲವೋ ಎಂಬುದು ದೋಣಿಯೊಂದು ಆ ಕಡಲನ್ನು ದಾಟಿತೋ ಇಲ್ಲವೋ ಎಂಬುದರ ಮೇಲೆ ನಿಂತರೆ ಅದನ್ನು ಸಮನ್ವಯವೆನ್ನಲು ನಮ್ಮ ಮನಸ್ಸು ಒಪ್ಪುವುದಿಲ್ಲ.

ಆದಿಕಾಂಡದ ಮೊದಲ ಅಧ್ಯಾಯದಲ್ಲಿ 'ಆದಾಮ್' ಎಂಬ ಪದ ಗಂಡುಹೆಣ್ಣುಗಳಿಬ್ಬರನ್ನೂ ಒಳಗೊಂಡು ಬಹುವಚನದ ಸರ್ವನಾಮದೊಡನೆ ಬರುತ್ತದೆ. ದೇವರ ಪ್ರತಿರೂಪವೆಂಬ ಮಾತು ಬರುವುದೂ ಅಲ್ಲಿಯೇ. ಆ ಅಧ್ಯಾಯದಲ್ಲಿ ತೋಟವಿಲ್ಲ; ಹಾಗಾಗಿ ಅದರ ಹೊರಗಿನವರೂ ಇಲ್ಲ.