ಜಾರ್ಜ್ ಖಾನನ ಮನೆಯಲ್ಲಿ ನಕ್ಕವರು, ನಗದವರು

1999ರಲ್ಲಿ ಕನ್ನಡದ ಪ್ರೇಕ್ಷಕರು ಓಂಪುರಿಯವರನ್ನು ‘ಎಕೆ 47’ ಚಿತ್ರದಲ್ಲಿ ನೋಡಿದರು. ಶಿವರಾಜ್‌ಕುಮಾರ್ ನಾಯಕನಾಗಿದ್ದ ಆ ಚಿತ್ರದಲ್ಲಿ ಓಂಪುರಿ ಭೂಗತ ಲೋಕದ ದೊರೆ. ಅದೇ ವರ್ಷ ಇಂಗ್ಲೆಂಡಿನ ಚಿತ್ರಮಂದಿರಗಳಲ್ಲಿ ಅವರು ಬೇರೆಯೇ ವೇಷದಲ್ಲಿದ್ದರು. ಮೀನು ಮತ್ತು ಆಲೂಗಡ್ಡೆ ಕರಿದು ಮಾರುವ ಸಣ್ಣ ಅಂಗಡಿಯವ, ಏಳು ಮಕ್ಕಳ ತಂದೆ, ಸಿಡುಕ, ಹಟಮಾರಿ, ಒಮ್ಮೆ ನಗೆಪಾಟಲಿಗೆ ಈಡಾಗುವವನು, ಮತ್ತೊಮ್ಮೆ ಮನೆಮಂದಿಯೆಲ್ಲ ಹೆದರಿ ನಡುಗುವಂತೆ ಮಾಡುವವನು. ಆ ಚಿತ್ರದ ಹೆಸರು ‘ಈಸ್ಟ್ ಈಸ್ ಈಸ್ಟ್’. ಒಬ್ಬ ನಟನಿಗೆ ಒಂದೇ ವರ್ಷದಲ್ಲಿ ದೊರೆತ ಈ ಎರಡು ಪಾತ್ರಗಳ ನಡುವಿನ ಅಂತರ ಸಣ್ಣದಲ್ಲ. ಭೂಗತ ದೊರೆಗೆ ಮನೆ ಬೇಕಾಗಿಲ್ಲ. ಜಾರ್ಜ್ ಖಾನನಿಗಾದರೋ ಮನೆಯೇ ಎಲ್ಲ.

ಅಯೂಬ್ ಖಾನ್-ದೀನ್ ಇದನ್ನು ಮೊದಲು ನಾಟಕವಾಗಿ ಬರೆದರು. ಅದು 1996ರಲ್ಲಿ ರಂಗಕ್ಕೆ ಬಂತು. ಲೇಖಕರ ತಂದೆ ಪಾಕಿಸ್ತಾನದವರು, ತಾಯಿ ಇಂಗ್ಲಿಷ್ ಹೆಣ್ಣುಮಗಳು; ಹುಟ್ಟಿದ್ದು, ಬೆಳೆದದ್ದು ಮ್ಯಾಂಚೆಸ್ಟರಿಗೆ ಅಂಟಿಕೊಂಡಿರುವ ಸಾಲ್ಫರ್ಡಿನಲ್ಲಿ. ಅಂದರೆ ಇದು ಹೊರಗಿನವರು ಕಿಟಕಿಯಿಂದ ಇಣುಕಿ ಬರೆದ ಕತೆಯಲ್ಲ. ಡೇಮಿಯನ್ ಓ'ಡನೆಲ್ ನಿರ್ದೇಶಿಸಿದ ಚಿತ್ರದ ಕಾಲ 1971. ಭಾರತ-ಪಾಕಿಸ್ತಾನ ಯುದ್ಧದ ಸುದ್ದಿ ಮನೆಯೊಳಗೆ ಕೇಳಿಬರುತ್ತಿದೆ. ಬೀದಿಯಲ್ಲಿ ವಲಸಿಗರನ್ನು ವಾಪಸು ಕಳಿಸಬೇಕೆನ್ನುವ ಈನಕ್ ಪೊವೆಲ್‌ನ ಬೆಂಬಲಿಗನಿದ್ದಾನೆ. 1937ರಲ್ಲೇ ಇಂಗ್ಲೆಂಡಿಗೆ ಬಂದ ಖಾನ್, ಊರಲ್ಲಿ ಮೊದಲ ಹೆಂಡತಿಯನ್ನು ಬಿಟ್ಟು ಇಲ್ಲಿ ಎಲ್ಲಾಳನ್ನು ಮದುವೆಯಾಗಿದ್ದಾನೆ. ಮಾತಿಗೊಮ್ಮೆ ಆ ಮೊದಲ ಹೆಂಡತಿಯನ್ನು ಕರೆಸಿಕೊಳ್ಳುವುದಾಗಿ ಎಲ್ಲಾಳನ್ನು ಹೆದರಿಸುತ್ತಾನೆ. ಮಕ್ಕಳು ಮಾತ್ರ ಅಪ್ಪನ ಬೆನ್ನ ಹಿಂದೆ ಅವನನ್ನು ಚೆಂಗೀಸ್ ಎಂದು ಕರೆಯುತ್ತವೆ, ಹಂದಿಮಾಂಸ ಕದ್ದು ತಿನ್ನುತ್ತವೆ. ಚಿತ್ರ ತೆರೆದುಕೊಳ್ಳುವುದೇ ಈ ಖಾನನ ಮಕ್ಕಳು ಕ್ರೈಸ್ತರ ಮೆರವಣಿಗೆಯಲ್ಲಿ ಶಿಲುಬೆ ಹೊತ್ತು ನಡೆಯುವುದರಿಂದ. ಅಪ್ಪ ಬಂದನೆಂದು ತಿಳಿದೊಡನೆ ಅವು ಅಡ್ಡಬೀದಿಯಲ್ಲಿ ಓಡಿ ಅವನ ಕಣ್ಣು ತಪ್ಪಿಸುತ್ತವೆ.

ಬ್ರಿಟನ್ನಿನಲ್ಲಿ ಚಿತ್ರ ಭರ್ಜರಿಯಾಗಿ ಓಡಿತು. ಅತ್ಯುತ್ತಮ ಬ್ರಿಟಿಷ್ ಚಿತ್ರಕ್ಕೆ ಕೊಡುವ ಬಾಫ್ಟಾ ಪ್ರಶಸ್ತಿ ಸಿಕ್ಕಿತು. ಬಿಳಿಯರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಏಷ್ಯಾ ಮೂಲದವರಲ್ಲಿ ಅಭಿಪ್ರಾಯ ಎರಡಾಯಿತು. ನಮ್ಮ ಮನೆಯನ್ನು ಕೊನೆಗೂ ತೆರೆಯ ಮೇಲೆ ಕಂಡೆವು ಎಂದು ಸಂತೋಷಪಟ್ಟವರು ಒಂದೆಡೆ. ಮುಸ್ಲಿಮ್ ತಂದೆಯೆಂದರೆ ಹೆಂಡತಿಗೆ ಹೊಡೆಯುವ, ಮಕ್ಕಳನ್ನು ಬಲವಂತದ ಮದುವೆಗೆ ನೂಕುವ ಮೊಂಡ ಎಂಬ ಹಳೆಯ ಬೊಂಬೆಗೇ ಇವನೂ ಬಣ್ಣ ಹಚ್ಚಿದ್ದಾನೆ ಎಂದು ನೊಂದವರು ಇನ್ನೊಂದೆಡೆ. ಈ ಜಗಳ ಅಲ್ಲಿಗೆ ಮುಗಿಯಲಿಲ್ಲ. 2012ರಲ್ಲಿ ಬಿಬಿಸಿಯ ‘ಸಿಟಿಜನ್ ಖಾನ್’ ಧಾರಾವಾಹಿ ಶುರುವಾದಾಗಲೂ ಇದೇ ತಕರಾರು ಎದ್ದಿತು. ಅದನ್ನು ಬರೆದು ನಟಿಸಿದ ಆದಿಲ್ ರೇ ಕೂಡ ಒಳಗಿನವರೇ.

ಇಷ್ಟೆಲ್ಲ ಹಳೆಯ ಮಾತನ್ನು ಈಗ ಎತ್ತಲು ಕಾರಣವಿದೆ. ಚಿತ್ರದುರ್ಗದ ಗೆಳೆಯರೊಬ್ಬರ ಮನೆಯ ಮಹಡಿಯಲ್ಲಿ ಈಚೆಗೆ ಈ ಚಿತ್ರವನ್ನು ಹದಿನೈದು-ಇಪ್ಪತ್ತು ಮಂದಿ ಕೂತು ನೋಡಿದೆವು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಂದಲೂ ಕೆಲವರು ಬಂದಿದ್ದರು. ಮುಕ್ಕಾಲು ಪಾಲು ಮುಸ್ಲಿಮರು, ಉಳಿದವರು ಲಿಂಗಾಯತ, ದಲಿತ ಮಿತ್ರರು. ಸಾಲ್ಫರ್ಡಿನ ಇಂಗ್ಲಿಷು ಯಾರಿಗೂ ಪೂರ್ತಿ ಹತ್ತಲಿಲ್ಲ. ಬೆಂಗಳೂರಿನಲ್ಲಿ ಕೆಲಸ ಮಾಡುವ ಹುಡುಗನೊಬ್ಬ ನಡುನಡುವೆ ದಖನಿಯಲ್ಲೂ ಕನ್ನಡದಲ್ಲೂ ಹೇಳುತ್ತ ಹೋದ. ಓಂಪುರಿ ಆಡುವ ಮುರುಕು ಇಂಗ್ಲಿಷಿಗೆ ಮಾತ್ರ ಯಾರ ಸಹಾಯವೂ ಬೇಕಾಗಲಿಲ್ಲ!

ಧರ್ಮಕ್ಕೆ ಅವಮಾನವಾಯಿತು ಎಂಬ ಮಾತು ಬಂದೀತೆಂದು ನಾನು ಅಂದುಕೊಂಡಿದ್ದೆ. ಬರಲಿಲ್ಲ. ಹಂದಿಮಾಂಸದ ದೃಶ್ಯಕ್ಕೆ ಒಬ್ಬಿಬ್ಬರು ‘ತೌಬಾ’ ಎಂದರು, ನಕ್ಕರು, ಅಷ್ಟೆ. ಶಿಲುಬೆಯ ಮೆರವಣಿಗೆಯಂತೂ ಯಾರಿಗೂ ವಿಚಿತ್ರವೆನಿಸಲಿಲ್ಲ. ಮೊಹರಮ್ಮಿನಲ್ಲಿ ಹರಕೆ ಹೊತ್ತು ಫಕೀರರಾಗುವ ಹಿಂದೂ ಮಕ್ಕಳನ್ನು ಕಂಡು ಬೆಳೆದ ಬಯಲುಸೀಮೆಯವರಿಗೆ ಅದು ಎಲ್ಲೋ ನೋಡಿದ್ದೇ. ವಾದ ಎದ್ದದ್ದು ಬೇರೆ ಕಡೆ: ಎಲ್ಲಿಯವರೆಗೆ ನಗಬಹುದು, ಯಾವ ಜಾಗದಲ್ಲಿ ನಗು ನಿಲ್ಲಬೇಕು?

ಎಲ್ಲರೂ ಮನಬಿಚ್ಚಿ ನಕ್ಕದ್ದು ಖತ್ನಾದ ಪ್ರಕರಣಕ್ಕೆ. ಕಿರಿಯ ಮಗ ಸಾಜಿದನಿಗೆ ಖತ್ನಾ ಆಗಿಲ್ಲವೆಂಬುದು ಮಸೀದಿಯಲ್ಲಿ ಬಯಲಾಗುತ್ತದೆ. ಜಾರ್ಜನಿಗೆ ಜಮಾತಿನೆದುರು ತಲೆ ಎತ್ತಲಾಗದ ಸ್ಥಿತಿ. ದಿನವಿಡೀ ಟೊಪ್ಪಿಗೆಯ ಕೋಟನ್ನು ಮೈಮೇಲಿಂದ ತೆಗೆಯದ ಆ ಪುಟ್ಟ ಹುಡುಗ ಅಡಗುವುದು, ಅವನನ್ನು ಆಸ್ಪತ್ರೆಗೆ ಒಯ್ಯುವುದು, ಅಣ್ಣಂದಿರ ಕೀಟಲೆ, ಅಮ್ಮನ ಸಂಕಟ. ನಮ್ಮ ಸಭೆಯ ಗಂಡಸರೆಲ್ಲ ತಮ್ಮತಮ್ಮ ಮುಂಜಿಯ ಕತೆ ಹೇಳತೊಡಗಿ ಚಿತ್ರವನ್ನು ಸ್ವಲ್ಪ ಹೊತ್ತು ನಿಲ್ಲಿಸಬೇಕಾಯಿತು. ಹೊಳಲ್ಕೆರೆಯ ನಿವೃತ್ತ ಮೇಷ್ಟ್ರೊಬ್ಬರು ಆಗ ಬಾನು ಮುಷ್ತಾಕರ ‘ಕೆಂಪು ಲುಂಗಿ’ಯನ್ನು ನೆನಪಿಸಿದರು. ಸರಿಯಾದ ನೆನಪು. ಬೇಸಿಗೆ ರಜೆಯಲ್ಲಿ ಮಕ್ಕಳ ಗಲಾಟೆ ತಾಳಲಾರದೆ ಸಿರಿವಂತ ಮನೆಯ ಹೆಣ್ಣುಮಗಳು ಹುಡುಗರಿಗೆಲ್ಲ ಖತ್ನಾ ಮಾಡಿಸಲು ಹೊರಡುವ ಕತೆ ಅದು. ಬಡವರ ಮಕ್ಕಳಿಗೆ ಸಾಮೂಹಿಕವಾಗಿ, ತನ್ನ ಮಕ್ಕಳಿಗೆ ಡಾಕ್ಟರಿಂದ. ಬಡವನ ಮಗ ಬೇಗ ಗುಣವಾಗಿ ಓಡಾಡಿಕೊಂಡಿರುತ್ತಾನೆ, ಸಿರಿವಂತರ ಮಗ ನರಳುತ್ತಾನೆ. ಬಾನು ಅವರ ನಗು ವರ್ಗವನ್ನು ಕಾಣಿಸುತ್ತದೆ. ಖಾನ್-ದೀನ್ ಅವರದು ಮನೆಯ ನಾಲ್ಕು ಗೋಡೆಗಳನ್ನು ದಾಟುವುದಿಲ್ಲ. ನನ್ನ ಮಟ್ಟಿಗೆ ಬಾನು ಅವರದೇ ದೊಡ್ಡ ನಗು.

2025ರ ಮೇ ತಿಂಗಳಲ್ಲಿ ಬಾನು ಅವರ ಕತೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಮ್ಮಲ್ಲಿ ಕೆಲವರು ಪಿಸುಗುಟ್ಟಿದ್ದುಂಟು: ನಮ್ಮ ಮನೆಯ ಕೊಳೆಯನ್ನು ಲಂಡನ್ನಿನವರಿಗೆ ತೋರಿಸಿ ಬಹುಮಾನ ತಂದರು ಎಂದು. ಜಾರ್ಜ್ ಖಾನನ ಬಗ್ಗೆ ಬ್ರ್ಯಾಡ್‌ಫರ್ಡಿನವರು ಆಡಿದ ಮಾತೂ ಹೆಚ್ಚುಕಡಿಮೆ ಇದೇ. ಈ ಅಂಜಿಕೆಯನ್ನು ಸುಮ್ಮನೆ ತಳ್ಳಿಹಾಕಲಾಗದು. ಸುತ್ತ ಪೊವೆಲ್‌ನಂಥವರು ಇರುವಾಗ ಮನೆಯೊಳಗಿನ ನಗು ಹೊರಗಿನವನ ಕೈಗೆ ಕಲ್ಲಾಗಬಹುದು. ಸಭೆಯಲ್ಲಿದ್ದ ಹೊಸದುರ್ಗದ ವರ್ತಕರೊಬ್ಬರು ಅದನ್ನೇ ಹೇಳಿದರು: “ಭಾಯ್, ಇದನ್ನ ನಾವು ನಾವೇ ನೋಡಿದ್ರೆ ಸರಿ. ನಮ್ಮನ್ನ ಕಂಡ್ರೆ ಆಗದವರು ನೋಡಿದ್ರೆ ಬೇರೇನೇ ನಗ್ತಾರೆ.” ಮಾತು ನಿಜ. ಆದರೆ ಹೊರಗಿನವರಿಗೆ ಹೆದರಿ ಒಳಗಿನವರು ಬಾಯಿ ಮುಚ್ಚಿಕೊಂಡರೆ ಅದರ ಬೆಲೆ ಕಟ್ಟುವವರು ಯಾರು? ಅದನ್ನು ಕೇಳಿದ್ದು ಹಿರಿಯೂರಿನ ಒಬ್ಬ ಹೆಣ್ಣುಮಗಳು. ಹೊಲಿಗೆ ಯಂತ್ರದ ಮೇಲೆ ಮೂವರು ಮಕ್ಕಳನ್ನು ಓದಿಸಿದವರು.

ಅವರು ಕೇಳಿದ್ದು ಚಿತ್ರದ ತಿರುವಿನ ಜಾಗದಲ್ಲಿ. ಮದುವೆಯ ಬಟ್ಟೆಬರೆಗಳನ್ನು ಹಾಳು ಮಾಡಿದ್ದು ಯಾರೆಂದು ಹೇಳಲೊಲ್ಲದ ಮನೀರನಿಗೆ ಜಾರ್ಜ್ ಬಡಿಯುತ್ತಾನೆ. ಮಕ್ಕಳಲ್ಲೆಲ್ಲ ಅಪ್ಪನ ಮಾತು ಕೇಳುವವನು, ನಮಾಜು ಮಾಡುವವನು ಅವನೊಬ್ಬನೇ. ಬಿಡಿಸಲು ಬಂದ ಎಲ್ಲಾಳಿಗೂ ಏಟು ಬೀಳುತ್ತದೆ. ಅಲ್ಲಿಯವರೆಗೆ ನಗುತ್ತಿದ್ದ ಕೋಣೆ ಸದ್ದಿಲ್ಲದಾಯಿತು. ಗಂಡಸರು ಕಣ್ಣು ತಗ್ಗಿಸಿದರು, ಹೆಂಗಸರು ನೇರ ನೋಡುತ್ತಿದ್ದರು. ಚಿತ್ರ ಮುಗಿದ ಮೇಲೆ ಮಾತಿನ ಅರ್ಧ ಪಾಲು ಇದರ ಮೇಲೆಯೇ. ಹಾಸ್ಯಚಿತ್ರದಲ್ಲಿ ಇದನ್ನು ಇಡಬಾರದಿತ್ತು ಎಂದು ಕೆಲವು ಗಂಡಸರು. ಇದನ್ನು ಇಡದಿದ್ದರೆ ಮೊದಲಿನ ನಗುವೆಲ್ಲ ಸುಳ್ಳಾಗುತ್ತಿತ್ತು ಎಂದು ಆ ಹಿರಿಯೂರಿನ ಆಪಾ. ಜಾರ್ಜ್ ಕ್ರೂರಿಯೆಂದು ಹೇಳುವುದಷ್ಟೇ ನಿರ್ದೇಶಕನ ಉದ್ದೇಶವಾಗಿದ್ದರೆ ಆರಂಭದಿಂದಲೇ ಹಾಗೆ ತೋರಿಸಬಹುದಿತ್ತು. ಹೆಂಡತಿಗಾಗಿ ಕ್ಷೌರದಂಗಡಿಯ ಕುರ್ಚಿ ಹೊತ್ತು ತರುವವನೂ ಅವನೇ, ಕೈ ಎತ್ತುವವನೂ ಅವನೇ ಎಂಬುದರಿಂದ ಚಿತ್ರ ಮೈಗೆ ಹತ್ತುತ್ತದೆ. ನೆರೆಯವನ ದ್ವೇಷ, ಊರಿಂದ ಬರುವ ಯುದ್ಧದ ಸುದ್ದಿ, ಜಮಾತಿನ ಕಣ್ಣು, ಕೈಮೀರಿದ ಮಕ್ಕಳು: ಎಲ್ಲವೂ ಸೇರಿ ಅವನನ್ನು ಮೂಲೆಗೆ ತಳ್ಳಿವೆ. ಹೊರಗೆ ತಲೆತಗ್ಗಿಸಿದವನು ಮನೆಯಲ್ಲಿ ಸುಲ್ತಾನನಾಗಲು ಹೊರಡುತ್ತಾನೆ. ಓಂಪುರಿ ಇದನ್ನು ಒಂದೇ ಒಂದು ಮಾತಿನ ವಿವರಣೆಯೂ ಇಲ್ಲದೆ ಭುಜದ ಕುಸಿತದಲ್ಲಿ ತಂದಿದ್ದಾರೆ. ಕಾರಣ ಅರ್ಥವಾಯಿತೆಂದು ಏಟು ಮಾಫಿ ಆಗುವುದಿಲ್ಲ. ಎಲ್ಲಾಳಾಗಿ ನಟಿಸಿದ ಲಿಂಡಾ ಬ್ಯಾಸೆಟ್‌ರ ಮುಖ ಅದಕ್ಕೆ ಅವಕಾಶ ಕೊಡುವುದಿಲ್ಲ.

ಹಾಗೆಂದು ಚಿತ್ರವನ್ನು ಪೂರಾ ಒಪ್ಪಲೂ ಆಗದು. ನನ್ನ ದೂರು ಜಾರ್ಜನ ಬಗ್ಗೆ ಅಲ್ಲ, ಶಾ ಸಾಹೇಬರ ಹೆಣ್ಣುಮಕ್ಕಳ ಬಗ್ಗೆ. ಬ್ರ್ಯಾಡ್‌ಫರ್ಡಿನ ಶಾ ಕುಟುಂಬ ತಮ್ಮ ಇಬ್ಬರು ಹುಡುಗಿಯರನ್ನು ಖಾನನ ಮಕ್ಕಳಿಗೆ ಕೊಡಲು ಬರುತ್ತದೆ. ಆ ಹುಡುಗಿಯರು ಚೆಂದವಿಲ್ಲ ಎಂಬುದೇ ಅಲ್ಲಿನ ಇಡೀ ಹಾಸ್ಯ. ಅವರ ಫೋಟೊ ತೋರಿಸಿದಾಗ ನಗು, ಅವರು ಒಳಬಂದಾಗ ನಗು. ತಾರಿಕ್‌ಗೆ, ಅಬ್ದುಲ್‌ಗೆ ಒಲ್ಲದ ಮದುವೆಯ ಸಂಕಟವಿದೆ ಎಂದು ಚಿತ್ರಕ್ಕೆ ಗೊತ್ತು. ಆ ಹುಡುಗಿಯರಿಗೂ ಇದು ಒಲ್ಲದ ಮದುವೆ ಇರಬಹುದೆಂಬ ಯೋಚನೆ ಅದಕ್ಕೆ ಹೊಳೆಯುವುದೇ ಇಲ್ಲ. ಎಲ್ಲರಿಗೂ ನಾಲಗೆ ಕೊಟ್ಟ ಲೇಖಕ ಇವರಿಗೆ ಕೊಡಲಿಲ್ಲ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಬಣ್ಣ, ಹಲ್ಲು, ಎತ್ತರ ಅಳೆಸಿಕೊಂಡ ಯಾವ ಹೆಣ್ಣೂ, ಅವಳು ಯಾವ ಜಾತಿಯವಳೇ ಆಗಿರಲಿ, ಈ ದೃಶ್ಯಕ್ಕೆ ನಗಲಾರಳು. ನಮ್ಮ ಸಭೆಯಲ್ಲಿ ಬಿ.ಎ. ಓದುವ ಹುಡುಗಿಯರಿಬ್ಬರಿದ್ದರು. ಅವರು ನಗಲಿಲ್ಲ. ಅದನ್ನು ನಾನು ವಿಮರ್ಶೆಯೆಂದೇ ಎಣಿಸುತ್ತೇನೆ. ಅಲ್ಲಿ ಅಂಗಳದಲ್ಲಿ ಪೊರಕೆ ಹಿಡಿದು ‘ಪಾಕೀಜಾ’ದ ಹಾಡಿಗೆ ಕುಣಿಯುವ ಮೀನಾಳಿಗೆ ಇರುವ ಜೀವಕಳೆಯಲ್ಲಿ ಒಂದು ಪಾಲಾದರೂ ಈ ಇಬ್ಬರಿಗೆ ದಕ್ಕಬೇಕಿತ್ತು. (‘ಪಾಕೀಜಾ’ ತೆರೆಕಂಡದ್ದು 1972ರಲ್ಲಿ, ಕತೆ ನಡೆಯುವುದು 1971ರಲ್ಲಿ ಎಂದು ಲೆಕ್ಕ ತೆಗೆದವರೂ ನಮ್ಮಲ್ಲಿದ್ದರು!)

ಇನ್ನು ನಮ್ಮ ಸಿನೆಮಾದ ಮಾತು. ಚಿತ್ರದುರ್ಗದವರಿಗೆ ಸಿನೆಮಾ ಎಂದರೆ ಮೊದಲು ಪುಟ್ಟಣ್ಣ ಕಣಗಾಲರ ‘ನಾಗರಹಾವು’. 1972ರ ಆ ಚಿತ್ರದ ಓಬವ್ವನ ಹಾಡು ಬಂದಾಗ ಕೋಟೆಯ ಕಿಂಡಿಯಿಂದ ಒಬ್ಬೊಬ್ಬರಾಗಿ ನುಸುಳಿ ಒನಕೆಯ ಏಟಿಗೆ ಬೀಳುವವರು ಹೈದರಾಲಿಯ ಸೈನಿಕರು. ದುರ್ಗದ ಮುಸ್ಲಿಮ್ ಹುಡುಗರೂ ಓಬವ್ವನಿಗೇ ಚಪ್ಪಾಳೆ ತಟ್ಟುತ್ತ ಬೆಳೆದವರು. ಓಬವ್ವ ಅವರಿಗೂ ನಮ್ಮೂರ ತಾಯಿ. ಆದರೆ ಕಿಂಡಿಯಿಂದ ತಲೆ ಹಾಕುವ ಆ ಸೈನಿಕನನ್ನು ಬಿಟ್ಟರೆ ಅವರ ಹೋಲಿಕೆಯವರು ತೆರೆಯ ಮೇಲೆ ಇನ್ನೆಲ್ಲಿದ್ದರು? ಮುಂದೆ ಬಂದ ಗಂಭೀರ ಚಿತ್ರಗಳು ಈ ಕೊರತೆಯನ್ನು ತುಂಬಿದ್ದು ಕಣ್ಣೀರಿನಿಂದ. ಬಾನು ಅವರ ‘ಕರಿನಾಗರಗಳು’ ಆಧರಿಸಿ ಗಿರೀಶ ಕಾಸರವಳ್ಳಿ ಮಾಡಿದ ‘ಹಸೀನಾ’ (2004), ವೈದೇಹಿಯವರ ಕತೆಯಿಂದ ಬಂದ ‘ಗುಲಾಬಿ ಟಾಕೀಸ್’ (2008) ಎರಡೂ ದೊಡ್ಡ ಕೃತಿಗಳು. ತಾರಾ, ಉಮಾಶ್ರೀ ಇಬ್ಬರಿಗೂ ರಾಷ್ಟ್ರಪ್ರಶಸ್ತಿ ತಂದವು. ಅವುಗಳ ನೋವು ನಿಜವಾದ ನೋವು. ತೇಜಸ್ವಿಯವರ ಕತೆಯ ‘ಡೇರ್‌ಡೆವಿಲ್ ಮುಸ್ತಫಾ’ (2023) ಬಂದಾಗ ಮುಸ್ಲಿಮ್ ಹುಡುಗನೊಬ್ಬ ನಾಯಕನಾಗಿ ಜನರನ್ನು ನಗಿಸಿದ, ನಮಗೆಲ್ಲ ಖುಷಿಯಾಯಿತು. ಆದರೆ ಅದು ಕಾಲೇಜಿನ ಕತೆ. ಅಬ್ಬ, ಅಮ್ಮಿ, ಅಕ್ಕ, ಅಣ್ಣ, ರಂಜಾನಿನ ಸಹರಿಗೆ ಏಳದ ತಮ್ಮ, ಕರೆಂಟ್ ಬಿಲ್ಲಿಗಾಗಿ ಜಗಳ — ಇಂಥ ಒಂದು ಮನೆಯನ್ನು, ಅದು ನಗುವ ಹಾಗೆ, ಜಗಳವಾಡುವ ಹಾಗೆ ತೋರಿಸುವ ಕನ್ನಡ ಸಿನೆಮಾಕ್ಕಾಗಿ ಇನ್ನೂ ಕಾಯುತ್ತಿದ್ದೇವೆ. ನಮ್ಮ ಸಭೆಯ ದಲಿತ ಮಿತ್ರರೊಬ್ಬರು ಇದೇ ಮಾತನ್ನು ತಮ್ಮ ಕೇರಿಯ ಬಗ್ಗೆಯೂ ಹೇಳಿದರು: ನಮ್ಮ ಮನೆಗೆ ಕ್ಯಾಮರಾ ಬರುವುದು ಯಾರಾದರೂ ಸತ್ತಾಗ ಮಾತ್ರ.

ಚಿತ್ರದ ಕೊನೆಯ ಬಗ್ಗೆ ಒಮ್ಮತ ಮೂಡಲಿಲ್ಲ. ಎಲ್ಲ ಕುಸಿದ ಮೇಲೆ ಅಂಗಡಿಯಲ್ಲಿ ಎಲ್ಲಾ ಟೀ ಬೇಕೇ ಎಂದು ಕೇಳುತ್ತಾಳೆ, ಜಾರ್ಜ್ ಎಂದಿನಂತೆ ಅರ್ಧ ಕಪ್ ಸಾಕು ಎನ್ನುತ್ತಾನೆ. ಹೋಟೆಲುಗಳಲ್ಲಿ ಬೈ-ಟು ಹೇಳಿ ಬದುಕಿದ ನಮ್ಮ ಹಿರಿಯರು ಅದನ್ನು ರಾಜಿಯೆಂದು ಸ್ವಾಗತಿಸಿದರು. ಹಿರಿಯೂರಿನ ಆಪಾ ಮಾತ್ರ ಅವಳು ಕೇಳಲೇಬಾರದಿತ್ತು ಎಂದು ಹಟ ಹಿಡಿದರು. ಹೊಳಲ್ಕೆರೆಯ ಮೇಷ್ಟ್ರದು ಇನ್ನೊಂದು ಪ್ರಶ್ನೆ: ಇಷ್ಟೆಲ್ಲದರ ನಡುವೆ ಪಾಕಿಸ್ತಾನದಲ್ಲಿ ಕೂತ ಆ ಮೊದಲ ಹೆಂಡತಿಯನ್ನು ಕೇಳಿದವರು ಯಾರು? ಅದಕ್ಕೆ ಖಾನ್-ದೀನ್ ಉತ್ತರ ಕೊಡಲು ಹನ್ನೊಂದು ವರ್ಷ ತೆಗೆದುಕೊಂಡರು. 2010ರ ‘ವೆಸ್ಟ್ ಈಸ್ ವೆಸ್ಟ್’ನಲ್ಲಿ ಜಾರ್ಜ್ ಸಾಜಿದನನ್ನು ಊರಿಗೆ ಕರೆದೊಯ್ಯುತ್ತಾನೆ, ಎಲ್ಲಾ ಅಲ್ಲಿಗೂ ಹೋಗುತ್ತಾಳೆ. ಮೊದಲ ಹೆಂಡತಿಯ ಪಾತ್ರದಲ್ಲಿ ಇಳಾ ಅರುಣ್ ಇದ್ದಾರೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದ ಆ ಇಬ್ಬರು ಹೆಂಗಸರು ತಮ್ಮತಮ್ಮ ನುಡಿಯಲ್ಲೇ ಎದುರುಬದುರು ಕೂತು ಮಾತಾಡುತ್ತಾರೆ. ಮುಂದಿನ ಸಲ ಅದನ್ನು ಹಾಕಬೇಕೆಂದು ಮೇಷ್ಟ್ರು ಹೇಳಿ ಹೋಗಿದ್ದಾರೆ.