ವಿಳಾಸ ಬದಲಿಸಿದವರು ಯಾರು?

ಕಾಲೇಜು ತೆರೆಯುವ ಹೊತ್ತಿಗೆ ಬರುವ ಪತ್ರಗಳಲ್ಲಿ ಒಂದು ದೂರು ತಪ್ಪದೆ ಇರುತ್ತದೆ. ಹಾಸ್ಟೆಲಿನಲ್ಲಿ ನೋಂದಾಯಿಸಿದ ಮ್ಯಾಕ್ ವಿಳಾಸ ಒಂದು, ಲಿನಕ್ಸ್ ಲ್ಯಾಪ್‌ಟಾಪ್ ತೋರಿಸುವುದು ಇನ್ನೊಂದು, ವೈಫೈ ಒಳಗೆ ಬಿಡುತ್ತಿಲ್ಲ. ಈ ವಾರ ಅದಕ್ಕೇ ಉತ್ತರ ಬರೆಯಲು ಕುಳಿತೆ. ಉತ್ತರ ಚಿಕ್ಕದು. 2016ರ 1.2ನೇ ಆವೃತ್ತಿಯಿಂದ ನೆಟ್‌ವರ್ಕ್‌ಮ್ಯಾನೇಜರ್ ಸುತ್ತಲಿನ ವೈಫೈ ಹುಡುಕುವಾಗ ಮನಬಂದ ವಿಳಾಸವೊಂದನ್ನು ತೊಡುತ್ತದೆ. ನೀವು ನಕಲು ಮಾಡಿ ಕೊಟ್ಟದ್ದು ಅದೇ ಇರಬೇಕು. ಫೆಡೋರಾ 40 ಬಂದ ಮೇಲಂತೂ ಸಂಪರ್ಕವಾದಾಗಲೂ ಒಂದೊಂದು ವೈಫೈ ಹೆಸರಿಗೆ ಒಂದೊಂದು ವಿಳಾಸ. ಇಥ್‌ಟೂಲ್‌ಗೆ ದೊಡ್ಡಕ್ಷರದ ಪಿ ಕೊಟ್ಟು ಕೇಳಿದರೆ ಕಾರ್ಡಿನಲ್ಲೇ ಬರೆದ ವಿಳಾಸ ಸಿಗುತ್ತದೆ. ಅದನ್ನು ನೋಂದಾಯಿಸಿ, ಆ ಒಂದು ಸಂಪರ್ಕದ ಕ್ಲೋನ್ಡ್ ಮ್ಯಾಕ್ ಜಾಗದಲ್ಲಿ ಪರ್ಮನೆಂಟ್ ಎಂದು ಹಾಕಿ. ಮುಗಿಯಿತು.

ಬೂಟ್ ಆಗುವಾಗ ವಿಳಾಸವನ್ನು ಬಲವಂತವಾಗಿ ಹೇರುವ ಸ್ಕ್ರಿಪ್ಟ್ ಬರೆದುಬಿಡಿ ಎನ್ನುವ ಪಂಥವೊಂದಿದೆ. ಅವರೊಂದಿಗಿನ ನನ್ನ ತಕರಾರು ಹಳೆಯದು, ಕಾರಣ ಒಂದೇ: ಆ ಸ್ಕ್ರಿಪ್ಟ್ ಸಾಕ್ಷ್ಯವನ್ನೇ ಅಳಿಸುತ್ತದೆ. ಸಿಸ್ ಕಡತಕೋಶದಲ್ಲಿ ಪ್ರತಿ ನೆಟ್‌ವರ್ಕ್ ಸಾಧನದ ಕೆಳಗೂ ಅಡ್ರ್ ಅಸೈನ್ ಟೈಪ್ ಎಂಬ ಪುಟ್ಟ ಕಡತವಿದೆ. ಕರ್ನಲ್ ಜೊತೆಗೇ ಬರುವ ದಾಖಲೆಯಲ್ಲಿ ಅದರ ಅರ್ಥ ನಾಲ್ಕೇ ಸಾಲು. 0 ಎಂದರೆ ಕಾರ್ಡಿನ ಕಾಯಂ ವಿಳಾಸ. 1 ಎಂದರೆ ಡ್ರೈವರ್ ತಾನೇ ಹುಟ್ಟಿಸಿಕೊಂಡ ಯಾದೃಚ್ಛಿಕ ವಿಳಾಸ. ವಿಳಾಸವನ್ನೇ ಬರೆಯದೆ ಮಾರಿದ ಅಗ್ಗದ ಬೋರ್ಡುಗಳಲ್ಲಿ ಪ್ರತಿ ಬೂಟಿಗೂ ಹೊಸದು ಬರುವುದು ಹೀಗೆ. 2 ಎಂದರೆ ಇನ್ನೊಂದು ಸಾಧನದಿಂದ ಕದ್ದದ್ದು, ದಾಖಲೆಯ ಮಾತೇ ಅದು. 3 ಎಂದರೆ ಆಮೇಲೆ ಯಾರೋ ಹಾಕಿದ್ದು. ಸ್ಕ್ರಿಪ್ಟ್ ಓಡಿದ ಮರುಗಳಿಗೆ ಎಲ್ಲವೂ 3. ತಪ್ಪು ಡ್ರೈವರಿನದೋ ನೆಟ್‌ವರ್ಕ್‌ಮ್ಯಾನೇಜರಿನದೋ ಎಂದು ಇನ್ನು ಕೇಳುವುದು ಯಾರನ್ನು?

ಹಾಸ್ಟೆಲಿನ ಮಾತು ಇಷ್ಟಕ್ಕೆ ಸಾಕು. ವಿಳಾಸ ಬದಲಾಗುವ ಪ್ರಕರಣಗಳಲ್ಲೆಲ್ಲ ನನಗೆ ಅತ್ಯಂತ ಸೊಗಸಾಗಿ ಕಾಣುವುದು ಬ್ರಿಡ್ಜಿನದು, ಅಂದರೆ ಹಲವು ನೆಟ್‌ವರ್ಕ್ ಸಾಧನಗಳನ್ನು ಒಂದೇ ಜಾಲವಾಗಿ ಬೆಸೆಯುವ ಸಾಫ್ಟ್‌ವೇರ್ ಸ್ವಿಚ್ಚಿನದು. ವರ್ಚುವಲ್ ಯಂತ್ರ ಶುರು ಮಾಡಿದೊಡನೆ ಸರ್ವರಿನ ಎಸ್‌ಎಸ್‌ಎಚ್ ಕಡಿದುಹೋಗುವುದನ್ನು ನೋಡಿದವರು ಕೇಬಲ್ಲನ್ನೂ ಸ್ವಿಚ್ಚನ್ನೂ ಶಂಕಿಸುತ್ತಾರೆ. ಕಾರಣ ಬೇರೆಯೇ. ಲಿನಕ್ಸ್ ಬ್ರಿಡ್ಜಿಗೆ ನಾವು ವಿಳಾಸ ಕೊಡದಿದ್ದರೆ ಅದು ತನ್ನ ಪೋರ್ಟುಗಳಲ್ಲಿ ಎಲ್ಲಕ್ಕಿಂತ ಚಿಕ್ಕ ವಿಳಾಸವನ್ನು ತನ್ನದಾಗಿಸಿಕೊಳ್ಳುತ್ತದೆ. ಹೊಸ ಯಂತ್ರವನ್ನು ಬ್ರಿಡ್ಜಿಗೆ ಜೋಡಿಸುವ ಟ್ಯಾಪ್ ಎಂಬ ವರ್ಚುವಲ್ ಸಾಧನ ಇನ್ನೂ ಚಿಕ್ಕ ವಿಳಾಸ ಹೊತ್ತು ಬಂದರೆ ಬ್ರಿಡ್ಜ್ ಅದಕ್ಕೆ ಹೊರಳುತ್ತದೆ, ನೆರೆಯ ಯಂತ್ರಗಳ ಎಆರ್‌ಪಿ ಪಟ್ಟಿಯಲ್ಲಿ ಮಾತ್ರ ಹಳೆಯದೇ ಉಳಿದಿರುತ್ತದೆ.

ವರ್ಚುವಲ್ ಯಂತ್ರಗಳನ್ನು ನಿರ್ವಹಿಸುವ ಲಿಬ್‌ವರ್ಟ್ ಇದಕ್ಕೆ ಕಂಡುಕೊಂಡ ಉಪಾಯ ನೋಡಿ. ಅತಿಥಿ ಯಂತ್ರದೊಳಗಿನ ವಿಳಾಸ 52:54:00 ಎಂದು ಶುರುವಾದರೆ, ಅದರ ಟ್ಯಾಪ್ ಸಾಧನಕ್ಕೆ ಮೊದಲ ಬೈಟನ್ನು ಎಫ್‌ಇ ಮಾಡಿ ಕೊಡುತ್ತದೆ. ಎಫ್‌ಎಫ್ ಏಕಲ್ಲ? ಮೊದಲ ಬೈಟಿನ ಕೊನೆಯ ಬಿಟ್ 1 ಆದರೆ ಅದು ಮಲ್ಟಿಕಾಸ್ಟ್ ವಿಳಾಸ, ಯಾವ ಸಾಧನವೂ ಅದನ್ನು ತನ್ನದೆನ್ನುವಂತಿಲ್ಲ. ಅದರ ಪಕ್ಕದ ಬಿಟ್ 1 ಇದ್ದರೆ ಕಾರ್ಖಾನೆಯದಲ್ಲ, ಸ್ಥಳೀಯವಾಗಿ ಕೊಟ್ಟದ್ದು ಎಂದರ್ಥ. ಆದ್ದರಿಂದಲೇ ಎರಡನೆಯ ಅಕ್ಷರ 2, 6, ಎ, ಇ ಇರುವ ವಿಳಾಸ ಕಂಡರೆ ಅದು ಕಾರ್ಡಿನೊಡನೆ ಬಂದದ್ದಲ್ಲ ಎನ್ನಬಹುದು. ಈ ಎರಡೂ ನಿಯಮ ಪಾಲಿಸುವ ಬೈಟುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಎಫ್‌ಇ. ನಿಜವಾದ ಕಾರ್ಡ್ ಜೊತೆಗಿರುವವರೆಗೆ ಚಿಕ್ಕದರ ಪಂದ್ಯವನ್ನು ಅದು ಎಂದೂ ಗೆಲ್ಲುವುದಿಲ್ಲ. ಒಂದೇ ಬೈಟಿನಲ್ಲಿ ಇಷ್ಟು ವಿವೇಕ!

2019ರಲ್ಲಿ ಸಿಸ್ಟಮ್‌ಡಿ 242 ಈ ಲೆಕ್ಕವನ್ನೇ ಬದಲಿಸಿತು. ಯಂತ್ರದ ಗುರುತು, ಸಾಧನದ ಹೆಸರು ಎರಡನ್ನೂ ಸೇರಿಸಿ ಬ್ರಿಡ್ಜಿಗೂ ಸ್ಥಿರ ವಿಳಾಸವೊಂದನ್ನು ಹುಟ್ಟಿಸಿ ಹಾಕತೊಡಗಿತು. ಉದ್ದೇಶ ಒಳ್ಳೆಯದೇ. ಆದರೆ ಕಾರ್ಡಿನ ವಿಳಾಸವನ್ನಷ್ಟೇ ಒಪ್ಪುವ ಜಾಲಗಳಲ್ಲಿ ಬ್ರಿಡ್ಜ್ ಮಾತೇ ಆಡದಂತಾಯಿತು. ವಿತರಣೆಯನ್ನು ಮೇಲ್ದರ್ಜೆಗೇರಿಸಿದ ಮೇಲೆ ನಿಮ್ಮ ಬ್ರಿಡ್ಜ್ ಹೊಸ ಐಪಿ ಪಡೆಯುತ್ತಿದ್ದರೆ ಮೊದಲು ಇದನ್ನೇ ಶಂಕಿಸಿ. ಬ್ರಿಡ್ಜಿನ ಹೆಸರಿಗೆ ಹೊಂದುವ ಲಿಂಕ್ ಕಡತವೊಂದನ್ನು ಬರೆದು ಮ್ಯಾಕ್ ಅಡ್ರೆಸ್ ಪಾಲಿಸಿ ನನ್ ಎಂದು ಹಾಕಬೇಕು. ಸಿಸ್ಟಮ್‌ಡಿಯ ಮೂಲ ಕಡತದ ಹೆಸರು 99ರಿಂದ ಶುರುವಾಗುತ್ತದೆ, ನಿಮ್ಮದು ಅದಕ್ಕಿಂತ ಚಿಕ್ಕ ಸಂಖ್ಯೆಯಿಂದ ಶುರುವಾಗಲಿ. ಹೊಂದುವ ಮೊದಲ ಕಡತವನ್ನಷ್ಟೇ ಯೂಡೆವ್ ಲೆಕ್ಕಕ್ಕೆ ಹಿಡಿಯುತ್ತದೆ, ಉಳಿದವನ್ನು ಕಡೆಗಣಿಸುತ್ತದೆ. ಆಮೇಲೆ ಬ್ರಿಡ್ಜನ್ನು ಅಳಿಸಿ ಹೊಸದಾಗಿ ಕಟ್ಟಿ, ಇಲ್ಲವೇ ಒಮ್ಮೆ ರೀಬೂಟ್ ಮಾಡಿ.